ಇಂಗ್ಲಿಷಿಗೆ ಹೊಸ ಪದ ಕೊಟ್ಟವರು

1601ನೇ ಇಸವಿಯ ಲಂಡನ್. ಬ್ಲ್ಯಾಕ್‌ಫ್ರಯರ್ಸ್ ರಂಗಮಂದಿರದಲ್ಲಿ ಮೇಣದಬತ್ತಿಗಳು ಉರಿಯುತ್ತಿವೆ. ಬಾಲನಟರ ತಂಡವೊಂದು ಬೆನ್ ಜಾನ್ಸನ್ ಬರೆದ ‘ಪೊಯೆಟಾಸ್ಟರ್’ ನಾಟಕ ಆಡುತ್ತಿದೆ. ಕಥೆ ನಡೆಯುವುದು ಪ್ರಾಚೀನ ರೋಮಿನಲ್ಲಿ, ಚಕ್ರವರ್ತಿ ಅಗಸ್ಟಸ್ ಸೀಸರನ ಎದುರು. ಕ್ರಿಸ್ಪಿನಸ್ ಎಂಬ ಕುಕವಿಗೆ ಹೊರೇಸ್ ಮಹಾಕವಿ ವಾಂತಿಯ ಮಾತ್ರೆ ನುಂಗಿಸಿದ್ದಾನೆ. ಹೊಟ್ಟೆ ತೊಳಸಿದ ಕ್ರಿಸ್ಪಿನಸ್ ಬೋಗುಣಿಗೆ ಬಗ್ಗುತ್ತಾನೆ. ಅವನ ಬಾಯಿಂದ ಬೀಳುವುದು ಅನ್ನವಲ್ಲ, ಪದಗಳು. ‘ರೆಟ್ರೊಗ್ರೇಡ್’, ‘ರೆಸಿಪ್ರೊಕಲ್’, ‘ಡಿಫಂಕ್ಟ್’, ‘ಸ್ಪ್ಯೂರಿಯಸ್’, ‘ಕ್ಲಮ್ಸಿ’, ‘ಸ್ಟ್ರೆನ್ಯುಯಸ್’, ‘ಕಾನ್ಷಸ್’. ಒಂದೊಂದು ಬಿದ್ದಾಗಲೂ ಸುತ್ತ ನಿಂತವರು ಇನ್ನೂ ಎಷ್ಟಿವೆಯೋ ಎಂದು ಬೆರಗಾಗುತ್ತಾರೆ.

ಕ್ರಿಸ್ಪಿನಸ್ ಯಾರು ಎಂಬುದು ಅಂದಿನ ಪ್ರೇಕ್ಷಕರಿಗೆ ಗೊತ್ತಿತ್ತು. ಜಾನ್ಸನ್ನನ ಎದುರಾಳಿ ನಾಟಕಕಾರ ಜಾನ್ ಮಾರ್ಸ್‌ಟನ್. ಅವನ ಬರಹದಲ್ಲಿ ತುಂಬಿದ್ದ ಹೊಸ ಪದಗಳು ಅಜೀರ್ಣದ ಸರಕು ಎಂದು ಜಾನ್ಸನ್ ಗೇಲಿ ಮಾಡುತ್ತಿದ್ದ.

ನಾಲ್ಕು ಶತಮಾನಗಳ ಬಳಿಕ ಆ ಬೋಗುಣಿಯೊಳಗೆ ಇಣುಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಮೇಲೆ ಹೇಳಿದ ಪದಗಳಲ್ಲಿ ಒಂದೂ ಸತ್ತಿಲ್ಲ. ‘ಕಾನ್ಷಸ್’ ಇಲ್ಲದೆ ಇಂದು ವೈದ್ಯರು, ಮನಶ್ಶಾಸ್ತ್ರಜ್ಞರು ಒಂದು ದಿನವೂ ಕೆಲಸ ಮಾಡಲಾರರು. ಆದರೆ ಅದೇ ಬೋಗುಣಿಗೆ ಬಿದ್ದ ‘ಆಬ್ಲೇಟ್ರಂಟ್’, ‘ಟರ್ಜಿಡಸ್’, ‘ಪ್ರೊರಂಪ್ಡ್’ ಪದಗಳನ್ನು ಇಂದು ಇಂಗ್ಲಿಷ್ ಪ್ರಾಧ್ಯಾಪಕರೂ ಗುರುತಿಸುವುದು ಕಷ್ಟ. ಒಬ್ಬನೇ ಲೇಖಕನನ್ನು ಹಂಗಿಸಲು ಒಂದೇ ಸಂಜೆ ಕಕ್ಕಿಸಿದ ಪದಗಳಲ್ಲಿ ಕೆಲವು ಬದುಕಿದವು, ಕೆಲವು ಸತ್ತವು. ಯಾಕೆ?

ಮಸಿಕುಡಿಕೆಯ ಜಗಳ

ಆ ಕಾಲದ ಇಂಗ್ಲಿಷಿಗೆ ಪದಗಳ ಬಡತನವಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಲ್ಯಾಟಿನ್, ಗ್ರೀಕ್ ವಿದ್ಯೆಯನ್ನು ದೇಶಭಾಷೆಯಲ್ಲಿ ಓದುವ ಹಸಿವು ಹೆಚ್ಚಿತು. ಬರೆಯ ಹೊರಟವರಿಗೆ ಹೆಜ್ಜೆಹೆಜ್ಜೆಗೂ ಪದದ ಕೊರತೆ. ಕೆಲವರು ಲ್ಯಾಟಿನ್ನಿನಿಂದ ಧಾರಾಳವಾಗಿ ಕಡ ತಂದರು. ಇಂಥ ಪದಗಳಿಗೆ ವಿರೋಧಿಗಳು ‘ಮಸಿಕುಡಿಕೆ ಪದ’ ಎಂದು ಹೆಸರಿಟ್ಟರು. ಹುಟ್ಟಿದ್ದು ಮಸಿಯಲ್ಲಿ, ಜನರ ಬಾಯಲ್ಲಲ್ಲ ಎಂಬುದು ಅದರ ತಾತ್ಪರ್ಯ.

ಸರ್ ಥಾಮಸ್ ಎಲಿಯಟ್ 1531ರ ತನ್ನ ‘ದ ಗವರ್ನರ್’ ಪುಸ್ತಕದಲ್ಲಿ ಇದಕ್ಕೊಂದು ಜಾಣ ದಾರಿ ಹುಡುಕಿದ್ದ. ಹೊಸ ಪದ ಬಂದಲ್ಲೆಲ್ಲ ಅದರ ಪಕ್ಕದಲ್ಲೇ ಪರಿಚಿತ ಮಾತನ್ನು ಇಟ್ಟ. ‘ಎಜುಕೇಶನ್’ ಬಂದರೆ ‘ಅಥವಾ ಮಕ್ಕಳನ್ನು ಬೆಳೆಸುವ ಬಗೆ’ ಎಂದು ಸೇರಿಸಿದ. ‘ಆನಿಮೇಟ್’ ಬಂದರೆ ‘ಅಥವಾ ಧೈರ್ಯ ಕೊಡು’ ಎಂದ. ‘ಮೆಚ್ಯೂರಿಟಿ’ ಬಳಸುವಾಗ, ಇದು ಈಗ ಅಪರಿಚಿತವಾಗಿ ಕಂಡರೂ ಬಳಸುತ್ತ ಹೋದರೆ ಸಲೀಸಾಗುತ್ತದೆ ಎಂದು ಓದುಗರಿಗೆ ಭರವಸೆ ಕೊಟ್ಟ. ಓದುಗನ ಕೈ ಹಿಡಿದು ದಾಟಿಸುವ ಈ ವಿನಯ ನನಗೆ ತುಂಬ ಮೆಚ್ಚುಗೆಯಾದದ್ದು.

ಎದುರು ಪಾಳೆಯದಲ್ಲಿದ್ದವನು ಕೇಂಬ್ರಿಜ್‌ನ ಗ್ರೀಕ್ ಪಂಡಿತ ಸರ್ ಜಾನ್ ಚೀಕ್. ಇಂಗ್ಲಿಷ್ ಯಾರ ಸಾಲವನ್ನೂ ಮಾಡಬಾರದು ಎಂದು 1557ರ ಪತ್ರವೊಂದರಲ್ಲಿ ವಾದಿಸಿದ. ಮತ್ತಾಯನ ಸುವಾರ್ತೆಯನ್ನು ಅನುವಾದಿಸುವಾಗ ಅದನ್ನು ಮಾಡಿಯೂ ತೋರಿಸಿದ್ದ. ನೂರು ಸೈನಿಕರ ನಾಯಕ ‘ಸೆಂಚುರಿಯನ್’ ಅಲ್ಲಿ ‘ಹಂಡ್ರೆಡರ್’ ಆದ. ಪುನರುತ್ಥಾನಕ್ಕೆ ‘ರೆಸರೆಕ್ಷನ್’ ಬದಲು ‘ಗೇನ್‌ರೈಸಿಂಗ್’, ‘ಲೂನಟಿಕ್’ ಬದಲು ‘ಮೂನ್ಡ್’. ಮೂರು ಶತಮಾನಗಳ ನಂತರ ಡಾರ್ಸೆಟ್ ಜಿಲ್ಲೆಯ ಪಾದ್ರಿ, ಕವಿ ವಿಲಿಯಂ ಬಾರ್ನ್ಸ್ ಅದೇ ಹಾದಿ ಹಿಡಿದರು. ಅವರ ಕೈಯಲ್ಲಿ ವ್ಯಾಕರಣ ‘ಸ್ಪೀಚ್‌ಕ್ರಾಫ್ಟ್’ ಆಯಿತು, ಮಗುವಿನ ತಳ್ಳುಗಾಡಿ ‘ಪುಶ್‌ವೇನ್‌ಲಿಂಗ್’ ಆಯಿತು. ಇವೆಲ್ಲ ಅಚ್ಚ ಇಂಗ್ಲಿಷ್ ಬೇರಿನವು, ಅರ್ಥವೂ ಸುಲಭ. ಆದರೂ ಊರಿಕೊಳ್ಳಲಿಲ್ಲ. ಈಗಾಗಲೇ ಚಲಾವಣೆಯಲ್ಲಿದ್ದ ಪದವನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರುವುದು ಹೊಸ ಪದಕ್ಕೆ ಅತ್ಯಂತ ಕಷ್ಟದ ಕೆಲಸ.

ಶೇಕ್ಸ್‌ಪಿಯರ್ ಲೆಕ್ಕ

ಹೊಸ ಪದ ಎಂದೊಡನೆ ಬರುವ ಹೆಸರು ಶೇಕ್ಸ್‌ಪಿಯರ್. ಆತ 1,700 ಪದಗಳನ್ನು ಸೃಷ್ಟಿಸಿದ ಎಂಬ ಮಾತು ಪಠ್ಯಪುಸ್ತಕಗಳಿಂದ ಹಿಡಿದು ಭಾಷಣಗಳವರೆಗೆ ಎಲ್ಲ ಕಡೆ ಓಡಾಡುತ್ತದೆ. ಇಂಥ ಅಂಕಿಗಳು ಎಲ್ಲಿಂದ ಬರುತ್ತವೆ ಎಂದು ತಿಳಿದರೆ ಅವನ್ನು ಸ್ವಲ್ಪ ಎಚ್ಚರದಿಂದ ಬಳಸುತ್ತೇವೆ.

ಮೂಲ ಇರುವುದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ. ಪ್ರತಿ ಪದ ಮೊದಲು ಎಲ್ಲಿ, ಯಾವಾಗ ಬರಹದಲ್ಲಿ ಕಂಡಿತು ಎಂದು ಆ ನಿಘಂಟು ದಾಖಲಿಸುತ್ತದೆ. ಸಂಪಾದಕ ಜೇಮ್ಸ್ ಮರ್ರೆಗಾಗಿ ಸಾವಿರಾರು ಸ್ವಯಂಸೇವಕರು ಪುಸ್ತಕಗಳನ್ನು ಓದಿ, ಗಮನ ಸೆಳೆದ ಪದಗಳನ್ನು ಚೀಟಿಗಳಲ್ಲಿ ಬರೆದು ಕಳಿಸುತ್ತಿದ್ದರು. ಅದರ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಈ ಸ್ವಯಂಸೇವಕರ ಕಪಾಟುಗಳಲ್ಲಿ ಯಾರ ಪುಸ್ತಕಗಳಿದ್ದವು? ಶೇಕ್ಸ್‌ಪಿಯರ್ ಎಲ್ಲರ ಮನೆಯಲ್ಲೂ ಇದ್ದ. ಅವನ ಒಂದೊಂದು ಪದಕ್ಕೂ ಸೂಚಿಗಳು ಆಗಲೇ ಅಚ್ಚಾಗಿದ್ದವು. ಅವನ ಸಮಕಾಲೀನರ ಕರಪತ್ರಗಳು, ವೈದ್ಯಗ್ರಂಥಗಳು, ಖಾಸಗಿ ಪತ್ರಗಳು ಹೆಚ್ಚಿನವರ ಕೈಗೆ ಸಿಗುತ್ತಿರಲಿಲ್ಲ. ಹೆಂಗಸರ ಬರಹಗಳನ್ನು ಓದಿದವರಂತೂ ಇನ್ನೂ ಕಡಿಮೆ. ಹೀಗಾಗಿ ‘ಮೊದಲು ಬಳಸಿದವರು’ ಎಂಬ ಪಟ್ಟ ಹೆಚ್ಚು ಓದಲ್ಪಟ್ಟವರಿಗೇ ಹೋಯಿತು.

ಈಗ ಆ ಕಾಲದ ಬಹಳಷ್ಟು ಹಳೆಯ ಮುದ್ರಣಗಳು ಕಂಪ್ಯೂಟರಿನಲ್ಲಿ ಹುಡುಕಲು ಸಿಗುತ್ತಿವೆ. ನಿಘಂಟಿನ ಪದಗಳ ಪರಿಷ್ಕರಣೆ ಒಂದೊಂದಾಗಿ ನಡೆದಂತೆ ಶೇಕ್ಸ್‌ಪಿಯರ್ ಹೆಸರಿನಲ್ಲಿದ್ದ ಎಷ್ಟೋ ಪದಗಳು ಅವನಿಗಿಂತ ಹಿಂದಿನವರ ಬರಹದಲ್ಲಿ ಪತ್ತೆಯಾಗಿವೆ.

ಇದರಿಂದ ಅವನ ಹೆಚ್ಚುಗಾರಿಕೆ ಕುಂದುವುದಿಲ್ಲ. ಅವನ ನಿಜವಾದ ಚಳಕ ಇರುವುದು ಎಲ್ಲರಿಗೂ ಗೊತ್ತಿದ್ದ ಪದಗಳ ಮೇಲೆ ಅವನು ನಡೆಸಿದ ಸಣ್ಣ ಶಸ್ತ್ರಕ್ರಿಯೆಗಳಲ್ಲಿ. ‘ಅನ್’ ಎಂಬ ಪುಟ್ಟ ಉಪಸರ್ಗವನ್ನು ನೋಡಿ. ಕಿರೀಟ ಕಳೆದುಕೊಂಡ ಎರಡನೇ ರಿಚರ್ಡ್ ‘ಅನ್‌ಕಿಂಗ್ಡ್’ ಆಗುತ್ತಾನೆ. ಕೊಲೆಗೆ ಮನಸ್ಸು ಗಟ್ಟಿಮಾಡಿಕೊಳ್ಳುವ ಲೇಡಿ ಮ್ಯಾಕ್‌ಬೆತ್ ತನ್ನ ಹೆಣ್ತನವನ್ನೇ ಕಳಚಿಬಿಡಿ ಎಂದು ಭೂತಗಳನ್ನು ಬೇಡುವಾಗ ಬಳಸುವುದು ‘ಅನ್‌ಸೆಕ್ಸ್’. ನಾಮಪದವನ್ನು ಕ್ರಿಯಾಪದವಾಗಿಸುವುದೂ ಅವನಿಗೆ ನೀರು ಕುಡಿದಷ್ಟು ಸುಲಭ. ‘ಆಂಟನಿ ಅಂಡ್ ಕ್ಲಿಯೋಪಾತ್ರ’ ನಾಟಕದಲ್ಲಿ ಸೀಸರನ ಪ್ರೇತ ಬ್ರೂಟಸನನ್ನು ಕಾಡಿತು ಎನ್ನಲು ‘ಘೋಸ್ಟ್’ ಎಂಬುದನ್ನೇ ಕ್ರಿಯಾಪದ ಮಾಡಿದ್ದಾನೆ. ಇಂದಿನ ತರುಣರು ಮೆಸೇಜಿಗೆ ಉತ್ತರ ಕೊಡದೆ ಮಾಯವಾಗುವುದನ್ನು ‘ಘೋಸ್ಟಿಂಗ್’ ಎನ್ನುವಾಗ ಅರ್ಥ ಬೇರೆಯಾದರೂ ವ್ಯಾಕರಣದ ಜಾಡು ಅದೇ.

ಇರುವುದನ್ನೇ ಕೂಡಿಸಿ

ಶೂನ್ಯದಿಂದ ಪದ ಹುಟ್ಟಿಸಿದವರು ಬಹಳ ವಿರಳ. ಸಾಮಾನ್ಯವಾಗಿ ನಡೆಯುವುದು ಜೋಡಣೆ. ಥಾಮಸ್ ಮೋರ್ ಎರಡು ಗ್ರೀಕ್ ತುಣುಕು ಸೇರಿಸಿ 1516ರಲ್ಲಿ ‘ಯುಟೋಪಿಯ’ ಮಾಡಿದ. ‘ಎಲ್ಲೂ ಇಲ್ಲದ ಜಾಗ’ ಎಂಬ ಅರ್ಥದ ಜೊತೆ ‘ಒಳ್ಳೆಯ ಜಾಗ’ ಎಂಬ ಧ್ವನಿಯೂ ಅದರಲ್ಲಿ ಸೇರಿತು. ಮಿಲ್ಟನ್ 1667ರ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಸೈತಾನನ ರಾಜಧಾನಿಗೆ ‘ಪ್ಯಾಂಡಿಮೋನಿಯಂ’ ಎಂದು ಹೆಸರಿಟ್ಟ. ಎಲ್ಲ ಪಿಶಾಚಿಗಳ ನೆಲೆ ಎಂದು ಅದರ ಅರ್ಥ. ಇಂದು ಶಾಸನಸಭೆಯ ಗದ್ದಲದ ವರದಿಯಲ್ಲಿ ಇಂಗ್ಲಿಷ್ ಪತ್ರಿಕೆಗಳು ಆ ಪದವನ್ನು ಸಲೀಸಾಗಿ ಬಳಸುತ್ತವೆ. ನಾರ್ವಿಚ್‌ನ ವೈದ್ಯ ಸರ್ ಥಾಮಸ್ ಬ್ರೌನ್ 1646ರ ಒಂದೇ ಪುಸ್ತಕದಲ್ಲಿ ‘ಎಲೆಕ್ಟ್ರಿಸಿಟಿ’ ಮತ್ತು ‘ಹ್ಯಾಲುಸಿನೇಶನ್’ ಎರಡನ್ನೂ ಕೊಟ್ಟ.

ಎರಡು ಪದಗಳನ್ನು ಒಂದರೊಳಗೊಂದು ತುರುಕುವುದು ಇನ್ನೊಂದು ವಿಧಾನ. ಇದಕ್ಕೆ ಶಾಸ್ತ್ರ ಬರೆದವನು ‘ಆಲಿಸ್’ ಕಥೆಗಳ ಲೂಯಿಸ್ ಕ್ಯಾರೊಲ್. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯ ಮೂಲಕ ಕನ್ನಡದ ಮಕ್ಕಳಿಗೂ ಪರಿಚಯವಾದ ಆಲಿಸ್ 1871ರ ಎರಡನೇ ಪುಸ್ತಕದಲ್ಲಿ ‘ಜಾಬರ್‌ವಾಕಿ’ ಎಂಬ ವಿಚಿತ್ರ ಪದ್ಯ ಓದಿ ತಬ್ಬಿಬ್ಬಾಗುತ್ತಾಳೆ. ಮೊಟ್ಟೆಯಾಕಾರದ ಹಂಪ್ಟಿ ಡಂಪ್ಟಿ ಅವಳಿಗೆ ಪಾಠ ಹೇಳುತ್ತಾನೆ. ‘ಸ್ಲೈಮಿ’ ಮತ್ತು ‘ಲೈದ್’ ಸೇರಿ ‘ಸ್ಲೈದಿ’. ‘ಫ್ಲಿಮ್ಸಿ’ ಮತ್ತು ‘ಮಿಸರಬಲ್’ ಸೇರಿ ‘ಮಿಮ್ಸಿ’. ಎರಡು ಭಾಗವಾಗಿ ತೆರೆದುಕೊಳ್ಳುವ ಪ್ರಯಾಣದ ಪೆಟ್ಟಿಗೆಗೆ ‘ಪೋರ್ಟ್‌ಮ್ಯಾಂಟೊ’ ಎನ್ನುತ್ತಿದ್ದರು. ಇಂಥ ಪದಗಳಿಗೂ ಆ ಹೆಸರೇ ಅಂಟಿತು.

ಆ ಪದ್ಯದ ಮೊದಲ ಚರಣವನ್ನು ಕ್ಯಾರೊಲ್ 1855ರಲ್ಲೇ ಮನೆಯವರಿಗಾಗಿ ಮಾಡುತ್ತಿದ್ದ ಕೈಬರಹದ ಪತ್ರಿಕೆಯಲ್ಲಿ ಬರೆದಿದ್ದ. ಹಂಪ್ಟಿ ಡಂಪ್ಟಿ ವಿವರಿಸುವುದು ಆ ಮೊದಲ ಚರಣದ ಪದಗಳನ್ನೇ. ಕುತೂಹಲದ ಸಂಗತಿ ಎಂದರೆ ಅವನು ಅಷ್ಟು ವಿವರವಾಗಿ ಅರ್ಥ ಹೇಳಿದ ‘ಸ್ಲೈದಿ’, ‘ಮಿಮ್ಸಿ’ ಆಡುಮಾತಿಗೆ ಇಳಿಯಲಿಲ್ಲ. ವಿವರಣೆಯೇ ಇಲ್ಲದ ‘ಚಾರ್ಟಲ್’ ಇಳಿಯಿತು. ಮಗ ರಾಕ್ಷಸನ ತಲೆ ತಂದಾಗ ಹಿಗ್ಗಿದ ತಂದೆ ಹೊರಡಿಸುವ ಸದ್ದು ಅದು. ಅಲ್ಲಿ ಅರ್ಥ ಕೇಳುವ ಅಗತ್ಯವೇ ಓದುಗನಿಗೆ ಬೀಳುವುದಿಲ್ಲ.

ಈ ಬೆಸುಗೆ ಈಗ ಇಂಗ್ಲಿಷಿನ ನಿತ್ಯದ ಕಸುಬಾಗಿದೆ. ಹೊಗೆ ಮತ್ತು ಮಂಜನ್ನು ಬೆಸೆದ ‘ಸ್ಮಾಗ್’ 1905ರಲ್ಲಿ ಲಂಡನ್ನಿನ ವೈದ್ಯ ಡೆ ವೂ ಅವರಿಂದ ಪ್ರಚಾರಕ್ಕೆ ಬಂತು. ‘ಬ್ರೆಕ್ಸಿಟ್’ ನಮ್ಮ ಕಣ್ಣೆದುರೇ ಹುಟ್ಟಿತು.

ಪತ್ರದಲ್ಲಿ ಮಲಗಿದ್ದ ಪದ

ಪದವೊಂದು ಹುಟ್ಟಿದ ದಿನವೇ ನಿಖರವಾಗಿ ಗೊತ್ತಿರುವುದು ಅಪರೂಪ. ‘ಸೆರೆಂಡಿಪಿಟಿ’ ಅಂಥದ್ದು. 1754ರ ಜನವರಿ 28ರಂದು ಲೇಖಕ ಹೊರೇಸ್ ವಾಲ್ಪೋಲ್ ಫ್ಲಾರೆನ್ಸಿನಲ್ಲಿದ್ದ ಗೆಳೆಯ ಹೊರೇಸ್ ಮಾನ್‌ಗೆ ಪತ್ರ ಬರೆದ. ಮಾನ್ ಅವನಿಗೆ ಬಿಯಾಂಕ ಕಪೆಲ್ಲೊ ಎಂಬ ಗ್ರ್ಯಾಂಡ್ ಡಚೆಸ್‌ಳ ಭಾವಚಿತ್ರ ಕಳಿಸಿದ್ದ. ವೆನಿಸ್ಸಿನ ಮನೆತನಗಳ ಲಾಂಛನಗಳಿದ್ದ ಹಳೆಯ ಪುಸ್ತಕವೊಂದನ್ನು ತಿರುವುವಾಗ ಕಪೆಲ್ಲೊ ಮನೆತನದ ಬಗ್ಗೆ ವಾಲ್ಪೋಲ್‌ಗೆ ಅನಿರೀಕ್ಷಿತವಾಗಿ ಒಂದು ಸಂಗತಿ ಸಿಕ್ಕಿತು. ಹೀಗೆ ಹುಡುಕದೇ ಸಿಗುವುದಕ್ಕೆ ತನ್ನದೇ ಒಂದು ಪದವಿದೆ ಎಂದು ಅವನು ಬರೆದ.

ಅದನ್ನು ಕಟ್ಟಿದ್ದು ‘ಸೆರೆಂಡಿಪ್ಪಿನ ಮೂವರು ರಾಜಕುಮಾರರು’ ಎಂಬ ಪರ್ಷಿಯನ್ ಮೂಲದ ಕಥೆಯಿಂದ. ಸೆರೆಂಡಿಪ್ ಎಂದರೆ ನಮ್ಮ ಪಕ್ಕದ ಸಿಂಹಳದ್ವೀಪವೇ. ಅರಬ್ಬರ ಬಾಯಲ್ಲಿ ಸರಂದೀಬ್ ಆಗಿತ್ತು. ಆ ರಾಜಕುಮಾರರು ದಾರಿಯ ಒಂದು ಬದಿಯ ಹುಲ್ಲು ಮಾತ್ರ ಮೇಯ್ದಿರುವುದನ್ನು ಕಂಡು, ಹೋದ ಪ್ರಾಣಿಗೆ ಒಂದು ಕಣ್ಣು ಕುರುಡು ಎಂದು ಊಹಿಸುತ್ತಾರೆ. ಕಥೆಯಲ್ಲಿ ಅದು ಒಂಟೆ. ವಾಲ್ಪೋಲ್ ನೆನಪಿನಿಂದ ಬರೆಯುವಾಗ ಹೇಸರಗತ್ತೆಯಾಯಿತು.

ಆ ಪದ ಬಹುಕಾಲ ಖಾಸಗಿ ಪತ್ರದಲ್ಲೇ ಉಳಿಯಿತು. ಮಾನ್‌ಗೆ ಬರೆದ ಪತ್ರಗಳು ಅಚ್ಚಾದದ್ದು 1833ರಲ್ಲಿ. ಅದರ ಬಳಿಕವೂ ಪುಸ್ತಕಪ್ರೇಮಿಗಳ ವಲಯದಾಚೆ ಯಾರಿಗೂ ಅದು ಬೇಕಾಗಲಿಲ್ಲ. ಬೇಕಾದದ್ದು ಇಪ್ಪತ್ತನೇ ಶತಮಾನದ ವಿಜ್ಞಾನಕ್ಕೆ. 1928ರಲ್ಲಿ ಫ್ಲೆಮಿಂಗ್ ಬೂಷ್ಟು ಹಿಡಿದ ತಟ್ಟೆಯಲ್ಲಿ ಪೆನಿಸಿಲಿನ್ ಸುಳಿವು ಕಂಡಂಥ ಘಟನೆಗಳಿಗೆ ಒಂದು ಹೆಸರು ಬೇಕಿತ್ತು. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1945ರ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಸೆರೆಂಡಿಪಿಟಿಗೆ ಮೀಸಲಿಟ್ಟರು. ಅಲ್ಲಿಂದ ಪ್ರಯೋಗಾಲಯಕ್ಕೆ, ಅಲ್ಲಿಂದ ಪತ್ರಿಕೆಗಳಿಗೆ, ಕೊನೆಗೆ ಸಿನಿಮಾ ಹೆಸರಿಗೆ. ವಾಲ್ಪೋಲ್ ಅದರಲ್ಲಿ ಆಕಸ್ಮಿಕದ ಜೊತೆ ಜಾಣತನವನ್ನೂ ಸೇರಿಸಿದ್ದ. ಕಂಡದ್ದನ್ನು ಅರ್ಥಮಾಡಿಕೊಳ್ಳುವ ಬುದ್ಧಿ ಇದ್ದವನಿಗೇ ಅದು ಒದಗುತ್ತಿತ್ತು. ಈಗ ಬರಿಯ ಅದೃಷ್ಟ ಎಂಬರ್ಥ ಮಾತ್ರ ಉಳಿದಿದೆ. ಜನಪ್ರಿಯತೆಗಾಗಿ ಪದ ತೆತ್ತ ಈ ಬೆಲೆ ನನಗೆ ದುಬಾರಿ ಎನಿಸುತ್ತದೆ.

ಸನ್ನಿವೇಶವೇ ಅರ್ಥ

ಪದಕ್ಕೆ ಜೀವ ಬರುವುದು ಹೇಗೆ ಎಂಬುದಕ್ಕೆ ‘ರೋಬಾಟ್’ ಒಳ್ಳೆಯ ಉದಾಹರಣೆ. ಅದು ಇಂಗ್ಲಿಷಿಗೆ ಬಂದದ್ದು ಜೆಕ್ ಭಾಷೆಯ ನಾಟಕದಿಂದ. ಕಾರೆಲ್ ಚಾಪೆಕ್‌ಗೆ ಕಾರ್ಖಾನೆಯಲ್ಲಿ ತಯಾರಾಗುವ ಕೂಲಿಯಾಳುಗಳ ಕಥೆ ಹೊಳೆದಿತ್ತು, ಅವರಿಗೆ ಹೆಸರು ಹೊಳೆದಿರಲಿಲ್ಲ. ಲ್ಯಾಟಿನ್ನಿನಿಂದ ‘ಲಬೋರಿ’ ಎಂದು ಮಾಡಿಕೊಂಡಿದ್ದ. ಅದು ಪುಸ್ತಕದ ಮಾತಿನಂತಿತ್ತು. ಚಿತ್ರ ಬರೆಯುತ್ತ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡಿದ್ದ ಅಣ್ಣ ಯೋಸೆಫ್‌ನನ್ನು ಕೇಳಿದ. ಹಾಗಾದರೆ ರೋಬಾಟ್ ಎನ್ನು ಎಂದು ಗೊಣಗಿ ಯೋಸೆಫ್ ಚಿತ್ರದಲ್ಲಿ ಮುಳುಗಿದ. ಜೆಕ್ ಭಾಷೆಯಲ್ಲಿ ‘ರೊಬೋಟ’ ಎಂದರೆ ಬಿಟ್ಟಿ ಚಾಕರಿ. ಈ ಪ್ರಸಂಗವನ್ನು ಚಾಪೆಕ್ 1933ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು, ಶ್ರೇಯಸ್ಸನ್ನು ಅಣ್ಣನಿಗೇ ಒಪ್ಪಿಸಿದ. ಎಷ್ಟು ದೊಡ್ಡ ಮನಸ್ಸು!

‘ಆರ್.ಯು.ಆರ್.’ ಎಂಬ ಆ ನಾಟಕ 1920ರಲ್ಲಿ ಅಚ್ಚಾಯಿತು, 1921ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೇರಿತು. ಅದರ ರೋಬಾಟ್‌ಗಳು ಲೋಹದವಲ್ಲ, ರಕ್ತಮಾಂಸದಂಥವು. ದುಡಿದು ದುಡಿದು ಕೊನೆಗೆ ಒಡೆಯರ ಮೇಲೇ ತಿರುಗಿಬೀಳುತ್ತವೆ. ಯಂತ್ರ ನಮ್ಮ ಕೆಲಸ ಕಸಿಯುವುದೇ, ನಮ್ಮನ್ನೇ ಆಳುವುದೇ ಎಂಬ ಭಯ ಆ ಕಥೆಯೊಳಗೇ ಇತ್ತು. ಪದ ಆ ಭಯವನ್ನೂ ಹೊತ್ತು ಲೋಕ ಸುತ್ತಿತು. ಐಸಾಕ್ ಆಸಿಮೋವ್ 1941ರ ಕಥೆಯೊಂದರಲ್ಲಿ ‘ರೋಬಾಟಿಕ್ಸ್’ ಎಂದು ಬರೆದಾಗ ಅದು ಆಗಲೇ ಚಾಲ್ತಿಯಲ್ಲಿದೆ ಎಂದುಕೊಂಡಿದ್ದ. ಇಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೊಂದು ಪಠ್ಯ ವಿಷಯ.

ನನ್ನ ಲೆಕ್ಕದಲ್ಲಿ ಲೇಖಕನ ದೊಡ್ಡ ಕೆಲಸ ಪದ ಕಟ್ಟುವುದಲ್ಲ, ಆ ಪದ ಬೇಕೇಬೇಕು ಎನಿಸುವ ಸನ್ನಿವೇಶ ಕಟ್ಟುವುದು. ಜೋಸೆಫ್ ಹೆಲ್ಲರ್ 1961ರಲ್ಲಿ ಪ್ರಕಟಿಸಿದ ಕಾದಂಬರಿಯ ‘ಕ್ಯಾಚ್-22’ರಲ್ಲಿ ಇರುವುದು ಒಂದು ಸಾದಾ ಪದ, ಒಂದು ಅಂಕಿ. ಅಂಕಿಯೂ ಮೊದಲು 18 ಇತ್ತು. ಲಿಯಾನ್ ಯೂರಿಸ್‌ನ ‘ಮಿಲಾ 18’ ಅದೇ ವರ್ಷ ಬರುವುದಿತ್ತೆಂದು ಬದಲಾಯಿಸಿದರು. ಕಾದಂಬರಿಯ ನಿಯಮದಂತೆ, ಹುಚ್ಚು ಹಿಡಿದ ಯೋಧನನ್ನು ವಿಮಾನ ಹತ್ತಿಸುವಂತಿಲ್ಲ. ಆದರೆ ಬಿಡುಗಡೆ ಬೇಕೆಂದರೆ ಅವನೇ ಕೇಳಬೇಕು. ಕೇಳಿದನೆಂದರೆ ಪ್ರಾಣಭಯ ಇದೆ, ಅಂದರೆ ಬುದ್ಧಿ ಸರಿಯಿದೆ, ಆದ್ದರಿಂದ ಹಾರಲೇಬೇಕು. ಕಚೇರಿಯಿಂದ ಕಚೇರಿಗೆ ಅಲೆದು, ಆ ಕಾಗದಕ್ಕೆ ಈ ಕಾಗದ ಬೇಕು, ಈ ಕಾಗದಕ್ಕೆ ಆ ಕಾಗದ ಬೇಕು ಎಂದು ಕೇಳಿಸಿಕೊಂಡ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಜಾರ್ಜ್ ಆರ್ವೆಲ್‌ನ 1949ರ ಕಾದಂಬರಿಯ ‘ಬಿಗ್ ಬ್ರದರ್’ ಎಲ್ಲರನ್ನೂ ಸದಾ ನೋಡುತ್ತಿರುವ ಸರ್ವಾಧಿಕಾರಿ. 1999ರಲ್ಲಿ ನೆದರ್ಲೆಂಡ್ಸ್‌ನ ಟಿ.ವಿ. ಕಾರ್ಯಕ್ರಮವೊಂದು ಆ ಹೆಸರನ್ನು ಎತ್ತಿಕೊಂಡಿತು. ಅದೇ ಭಾರತಕ್ಕೆ ‘ಬಿಗ್ ಬಾಸ್’ ಆಗಿ ಬಂದು, 2013ರಿಂದ ಕನ್ನಡದ ಮನೆಗಳನ್ನೂ ಹೊಕ್ಕಿದೆ. ಮನುಷ್ಯನ ಮೇಲಿನ ಕಾವಲನ್ನು ಕಂಡು ನಡುಗಿ ಬರೆದ ಪದ ಮನರಂಜನೆಯ ಹೆಸರಾದದ್ದು ನೋವಿನ ಸಂಗತಿ.

ಕಂಪ್ಯೂಟರ್ ಯುಗದಲ್ಲೂ ದಾರಿ ಬೇರೆಯಾಗಿಲ್ಲ. ವಿಲಿಯಂ ಗಿಬ್ಸನ್ ‘ಇನ್ಫೋಸ್ಪೇಸ್’, ‘ಡೇಟಾಸ್ಪೇಸ್’ ಎಂದೆಲ್ಲ ಬರೆದು ನೋಡಿ 1982ರ ಕಥೆಯಲ್ಲಿ ‘ಸೈಬರ್‌ಸ್ಪೇಸ್’ ಇಟ್ಟ. 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿ ಅದಕ್ಕೆ ಲೋಕವೊಂದನ್ನು ಕಟ್ಟಿಕೊಟ್ಟಿತು. ಇಂದು ಪೊಲೀಸ್ ಠಾಣೆಯ ಫಲಕದ ಮೇಲೂ ‘ಸೈಬರ್’ ಇದೆ.

ಕಿವಿಗೆ ಒರಟು, ಬಾಳಿಕೆಗೆ ಗಟ್ಟಿ

ಕಥೆಯ ಆಸರೆ ಇಲ್ಲದೆಯೂ ಕೆಲವು ಪದ ನಿಂತದ್ದುಂಟು. ಅಲ್ಲಿ ಖಾಲಿ ಜಾಗ ಬದುಕಿನಲ್ಲೇ ಇತ್ತು. 1833ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ವಿಜ್ಞಾನಾಸಕ್ತರ ಸಭೆಯಲ್ಲಿ ವೃದ್ಧ ಕವಿ ಕೋಲ್‌ರಿಜ್, ಪ್ರಯೋಗ ನಡೆಸುವ ನಿಮಗೆ ‘ಫಿಲಾಸಫರ್’ ಎಂಬ ಹೆಸರು ಸಲ್ಲದು ಎಂದು ತಕರಾರು ತೆಗೆದ. ಹಾಗಾದರೆ ‘ಆರ್ಟಿಸ್ಟ್’ ಮಾದರಿಯಲ್ಲಿ ‘ಸೈಂಟಿಸ್ಟ್’ ಎನ್ನೋಣ ಎಂದ ವಿಲಿಯಂ ಹ್ಯೂವೆಲ್. ಮರುವರ್ಷ ಮೇರಿ ಸಾಮರ್‌ವಿಲ್ ಅವರ ಗ್ರಂಥವನ್ನು ವಿಮರ್ಶಿಸುವಾಗ ಅದನ್ನು ಅಚ್ಚಿಗೂ ಹಾಕಿದ. ಟಿ.ಎಚ್. ಹಕ್ಸ್‌ಲಿಯಂಥ ವಿಜ್ಞಾನಿಗಳೇ ಶತಮಾನದ ಕೊನೆಯವರೆಗೂ ಆ ಪದವನ್ನು ಸಹಿಸಲಿಲ್ಲ. ಆದರೆ ಆ ವೃತ್ತಿಗೆ ಒಪ್ಪುವ ಬೇರೆ ಒಂಟಿ ಪದ ಇರಲಿಲ್ಲ.

ತಕರಾರು ತೆಗೆದ ಕೋಲ್‌ರಿಜ್ ಸ್ವತಃ ಪದ ಕಟ್ಟುವುದರಲ್ಲಿ ಪಳಗಿದವನು. 1817ರಲ್ಲಿ ‘ಇಂಟೆನ್ಸಿಫೈ’ ಎಂದು ಬರೆದು, ಇದು ನನ್ನ ಕಿವಿಗೇ ಒರಟಾಗಿ ಕೇಳುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದ. ಇಂದು ಯಾರ ಕಿವಿಗೂ ಅದು ಚುಚ್ಚುವುದಿಲ್ಲ.

ನಿಘಂಟಿನ ಬಾಗಿಲು

ಒಂದು ಸಲಕ್ಕಷ್ಟೇ ಬಳಕೆಯಾಗುವ ಪದಕ್ಕೆ ಜೇಮ್ಸ್ ಮರ್ರೆ ‘ನಾನ್ಸ್-ವರ್ಡ್’ ಎಂಬ ಹೆಸರನ್ನೇ ಕಟ್ಟಬೇಕಾಯಿತು. ಅಂಥವು ಅಷ್ಟೊಂದಿದ್ದವು. ಜೇಮ್ಸ್ ಜಾಯ್ಸ್‌ನ 1939ರ ‘ಫಿನ್ನೆಗನ್ಸ್ ವೇಕ್’ ತುಂಬ ಅಂಥ ಪದಗಳೇ. ಅದರಲ್ಲಿದ್ದ ‘ಕ್ವಾರ್ಕ್’ ಅನ್ನು 1964ರಲ್ಲಿ ಭೌತವಿಜ್ಞಾನಿ ಮರೆ ಗೆಲ್‌ಮನ್ ಎತ್ತಿಕೊಂಡು ಮೂಲಕಣಕ್ಕೆ ಇಟ್ಟರು. ಜಾಯ್ಸ್‌ನ ಸಾಲಿನಲ್ಲಿ ಅವು ಮೂರಿದ್ದವು, ಗೆಲ್‌ಮನ್‌ರ ಸಿದ್ಧಾಂತದಲ್ಲೂ ಮೂರೇ ಬೇಕಿದ್ದವು.

ಯಾರು ಹುಟ್ಟಿಸಿದರು ಎಂಬುದಕ್ಕಿಂತ ಯಾರ್ಯಾರು ಬಳಸಿದರು ಎಂಬುದನ್ನು ನಿಘಂಟುಕಾರರು ನೋಡುತ್ತಾರೆ. ಬೇರೆಬೇರೆ ಲೇಖಕರು, ವಿವರಣೆ ಕೊಡದೆ, ಹಲವು ವರ್ಷ ಬಳಸಿರಬೇಕು. ರೋಲಿಂಗ್‌ರ ‘ಮಗಲ್’ 2003ರಲ್ಲಿ ಆಕ್ಸ್‌ಫರ್ಡ್ ನಿಘಂಟು ಸೇರಿತು. ಅಷ್ಟರಲ್ಲಿ ಮಾಯಾಜಾಲ ಬಾರದವನು ಎಂಬ ಮೂಲ ಅರ್ಥ ಹಿಗ್ಗಿ, ಯಾವುದಾದರೊಂದು ಕಸುಬು ತಿಳಿಯದವನು ಎಂದಾಗಿತ್ತು. ಹ್ಯಾರಿ ಪಾಟರ್ ಪುಸ್ತಕದಾಚೆ ಅದು ಕಾಲಿಟ್ಟಿದ್ದಕ್ಕೆ ಅದೇ ಸಾಕ್ಷಿ.

ಕಾದಂಬರಿಕಾರ ಥಾಮಸ್ ಹಾರ್ಡಿ ಮುದಿವಯಸ್ಸಿನಲ್ಲಿ ಕವಿ ರಾಬರ್ಟ್ ಗ್ರೇವ್ಸ್‌ಗೆ ಹೇಳಿದ ಪ್ರಸಂಗವೊಂದಿದೆ. ಪದ್ಯದಲ್ಲಿ ಬಳಸಿದ ಪದ ಇದೆಯೋ ಇಲ್ಲವೋ, ಮತ್ತೆ ಹೊಸದು ಹುಟ್ಟಿಸಿದ ಆರೋಪ ಬಂದೀತು ಎಂದು ಹಾರ್ಡಿ ನಿಘಂಟು ತೆರೆದರು. ಪದ ಇತ್ತು. ಅದಕ್ಕೆ ಕೊಟ್ಟಿದ್ದ ಏಕೈಕ ಆಧಾರ ಅವರೇ ಮರೆತಿದ್ದ ಅವರ ಹಳೆಯ ಕಾದಂಬರಿ!

ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆ ಇನ್ನೂ ನಡೆದಿದೆ. ಪದವೊಂದರ ಇನ್ನೂ ಹಳೆಯ ಬಳಕೆ ಕಂಡರೆ ಓದುಗರು ಇಂದಿಗೂ ತಿಳಿಸಬಹುದು. ಭಾರತದ ಇಂಗ್ಲಿಷಿಗೂ ಅಲ್ಲಿ ಜಾಗ ಹೆಚ್ಚುತ್ತಿದೆ. 2017ರಲ್ಲಿ ಒಮ್ಮೆಗೇ ಸುಮಾರು 70 ಭಾರತೀಯ ಪದಗಳು ಸೇರಿದವು. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಇಂಗ್ಲಿಷ್ ಪುಸ್ತಕ, ಶಾಲೆಯ ವರದಿ, ಪತ್ರಗಳ ಕಟ್ಟು ಇದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ. ವಿಚಿತ್ರವೆನಿಸಿದ ಪದ ಕಂಡರೆ ಪುಟ ಮತ್ತು ಇಸವಿ ಗುರುತು ಹಾಕಿಕೊಳ್ಳಿ.